ಅಪ್ಪ-ಅಮ್ಮನ್ನ ಕೆನಡಾಗೆ ಕರೆಸ್ಕೊಳ್ಳೋರಿಗೆ: ಸೂಪರ್ ವೀಸಾ ಇನ್ಶೂರೆನ್ಸ್ ಪೇಪರಲ್ಲಿ ಏನಿದೆ ಅಂತ ಓದಿದ್ದೀರಾ?

ಹೋದ್ಸಲ ಬ್ರಾಂಪ್ಟನ್ನಲ್ಲಿ ಒಬ್ರ ಮನೇಲಿ ಸತ್ಯನಾರಾಯಣ ಪೂಜೆಗೆ ಹೋಗಿದ್ವಿ, ಊಟ ಮುಗಿಸಿ ನಾಲ್ಕು ಜನ ಬೇಸ್ಮೆಂಟಲ್ಲಿ ಕೂತ್ರೆ ಮಾತು ಬರೋದು ಅಲ್ಲಿಗೇ, "ನಿಮ್ಮ ಅಪ್ಪ ಅಮ್ಮಂಗೆ ಇನ್ಶೂರೆನ್ಸ್ ಎಷ್ಟು ಬಿತ್ತು?" ಅಂತ. ಒಬ್ರು ಸಾವಿರದ ಇನ್ನೂರು ಅಂದ್ರು, ಇನ್ನೊಬ್ರು "ಅಯ್ಯೋ ನಮಗೆ ಎರಡು ಸಾವಿರದ ಮೇಲೆ ಹೋಯ್ತು, ಯಾರ ಹತ್ರ ತಗೊಂಡ್ರಿ ನಂಬರ್ ಕೊಡಿ" ಅಂದ್ರು. ಇಷ್ಟೇ ಮಾತು. ಆ ಪೇಪರಲ್ಲಿ ಏನು ಕವರ್ ಆಗತ್ತೆ ಅಂತ ಒಬ್ರೂ ಕೇಳ್ಲಿಲ್ಲ, ಎರಡು ವರ್ಷದ ಹಿಂದೆ ನಾನೂ ಕೇಳಿರ್ಲಿಲ್ಲ, ಕೇಳದೇ ಇದ್ದಿದ್ದಕ್ಕೆ ಫೀಸೂ ಕಟ್ಟಿದ್ದೀನಿ, ಆ ಕಥೆ ಮುಂದೆ ಹೇಳ್ತೀನಿ.

ಮೊದ್ಲು ಹೊಸಬ್ರಿಗೆ ಒಂದು ವಿಷಯ. ಕೆನಡಾದಲ್ಲಿ ಆಸ್ಪತ್ರೆ ಫ್ರೀ ಅಂತ ಊರಲ್ಲಿ ಎಲ್ರೂ ಅಂದ್ಕೊಂಡಿರ್ತಾರೆ. ಫ್ರೀ ಇರೋದು ಪ್ರಾಂತ್ಯದ ಹೆಲ್ತ್ ಕಾರ್ಡ್ ಇರೋರಿಗೆ, ಒಂಟಾರಿಯೋ ಪ್ರಾಂತ್ಯದಲ್ಲಾದ್ರೆ ಓಹಿಪ್ (OHIP) ಅನ್ನೋ ಕಾರ್ಡ್. ವಿಸಿಟರ್ ಆಗಿ ಬಂದೋರಿಗೆ ಅದು ಸಿಗಲ್ಲ, ಸೂಪರ್ ವೀಸಾದಲ್ಲಿ, ಅಂದ್ರೆ ಇಲ್ಲಿರೋ ಮಕ್ಕಳ ಹತ್ರ ಅಪ್ಪ ಅಮ್ಮ ಬಂದು ವರ್ಷಗಟ್ಟಲೆ ಇರೋಕೆ ಕೊಡೋ ವೀಸಾದಲ್ಲಿ, ಐದು ವರ್ಷ ಮಗಳ ಮನೇಲೇ ಇದ್ರೂ ಸಿಗಲ್ಲ. ಆಂಬುಲೆನ್ಸ್ ಒಂದನ್ನೇ ತಗೊಳ್ಳಿ, ಒಂಟಾರಿಯೋದಲ್ಲಿ ಕಾರ್ಡ್ ಇರೋರಿಗೆ 45 ಡಾಲರ್, ಇಲ್ಲದೋರಿಗೆ 240. ಆಸ್ಪತ್ರೇಲಿ ಅಡ್ಮಿಟ್ ಆದ್ರೆ ಒಂದು ದಿನದ ಬೆಡ್ಡಿಗೇ ಸಾವಿರಗಟ್ಟಲೆ ಡಾಲರ್, ಐಸಿಯು ಆದ್ರಂತೂ ಕೇಳ್ಬೇಡಿ.

ಈ ಸೂಪರ್ ವೀಸಾ ಶುರುವಾಗಿದ್ದು 2011ರ ಡಿಸೆಂಬರಲ್ಲಿ. ಆಗ ಒಂದ್ಸಲ ಬಂದ್ರೆ 2 ವರ್ಷ ಇರಬಹುದಿತ್ತು, ಆಮೇಲೆ ಅದು 5 ವರ್ಷ ಆಯ್ತು, ವೀಸಾ 10 ವರ್ಷದವರೆಗೂ ಕೊಡ್ತಾರೆ, ಎಷ್ಟು ಸಲ ಬೇಕಾದ್ರೂ ಬಂದು ಹೋಗಬಹುದು. ಇನ್ನೊಂದು ಕಡೆ ಅಪ್ಪ ಅಮ್ಮನ್ನ ಪಿಆರ್‌ಗೆ, ಅಂದ್ರೆ ಇಲ್ಲೇ ಕಾಯಂ ಆಗಿ ಇರೋಕೆ, ಸ್ಪಾನ್ಸರ್ ಮಾಡೋ ದಾರಿ ಹೆಚ್ಚೂ ಕಮ್ಮಿ ಲಾಟರಿನೇ, 2020ರಲ್ಲಿ ಆಸಕ್ತಿ ಇದೆ ಅಂತ ಫಾರಂ ತುಂಬಿದೋರನ್ನೇ 2025ರವರೆಗೂ ಕರೀತಾ ಇದ್ರು. ಹಾಗಾಗಿ ಮೊದ್ಲು ಬಾಣಂತನಕ್ಕೆ ಅಂತ ಆರು ತಿಂಗಳು ಬಂದು ಹೋಗ್ತಿದ್ದ ಅಮ್ಮಂದಿರು ಈಗ ಮೂರು ನಾಲ್ಕು ವರ್ಷ ಇಲ್ಲೇ ಇರ್ತಿದ್ದಾರೆ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತಾ ಇದ್ದಾರೆ. ನನ್ನ ಪ್ರಕಾರ ದೊಡ್ಡ ಬದಲಾವಣೆ ಇದೇ. ಪ್ರವಾಸಕ್ಕೆ ಅಂತ ಮಾಡಿದ ಇನ್ಶೂರೆನ್ಸನ್ನ ನಾವು ಹೆಲ್ತ್ ಕಾರ್ಡ್ ಥರ ಉಪಯೋಗಿಸೋಕೆ ಹೋಗ್ತಿದ್ದೀವಿ, ಕಂಪನಿ ಮಾತ್ರ ಅದನ್ನ ಈಗ್ಲೂ ಪ್ರವಾಸದ ಇನ್ಶೂರೆನ್ಸ್ ಅಂತಾನೇ ನೋಡತ್ತೆ.

ಸೂಪರ್ ವೀಸಾ ಕೊಡೋಕೆ ಇನ್ಶೂರೆನ್ಸ್ ಕಡ್ಡಾಯ, ಸರ್ಕಾರ ಕೇಳೋದು ಇಷ್ಟು: ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ಕವರೇಜ್ (ನಮ್ಮ ದುಡ್ಡಲ್ಲಿ 60 ಲಕ್ಷದ ಮೇಲೆ), ದೇಶದೊಳಗೆ ಕಾಲಿಟ್ಟ ದಿನದಿಂದ ಒಂದು ವರ್ಷ, ಚಿಕಿತ್ಸೆ, ಆಸ್ಪತ್ರೆ ಖರ್ಚು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ವಾಪಸ್ ಊರಿಗೆ ಕಳಿಸೋ ಖರ್ಚು. ಬರೀ ಕೊಟೇಶನ್ ತೋರಿಸಿದ್ರೆ ಆಗಲ್ಲ, ದುಡ್ಡು ಕಟ್ಟಿರಬೇಕು, ಆದ್ರೆ ಡೆಪಾಸಿಟ್ ಕೊಟ್ಟು ಕಂತಲ್ಲಿ ಕಟ್ಟೋ ಪ್ಲಾನೂ ಒಪ್ಕೊಳ್ತಾರೆ. ವೀಸಾ ಸಿಗ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರತ್ತೆ, ಲೆಟರ್ ತೋರಿಸಬೇಕು ಅಷ್ಟೇ. ಊರಿಗೆ ಹೋಗಿ ಮತ್ತೆ ಬರುವಾಗ ಏರ್ಪೋರ್ಟಲ್ಲಿ ಆಫೀಸರ್ ಪಾಲಿಸಿ ಕೇಳಬಹುದು, ಅದು ಚಾಲ್ತೀಲಿ ಇರಬೇಕು, ಆದ್ದರಿಂದ ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಡಿ, ಚೆಕ್-ಇನ್ ಸೂಟ್‌ಕೇಸಲ್ಲಿ ಉಪ್ಪಿನಕಾಯಿ ಜೊತೆ ಇಡ್ಬೇಡಿ.

ಮೊದ್ಲು ಈ ಪಾಲಿಸಿ ಕೆನಡಾದ ಕಂಪನೀದೇ ಆಗಿರಬೇಕಿತ್ತು. 2025ರ ಜನವರಿ 28ರಿಂದ ಹೊರದೇಶದ ಕಂಪನೀದೂ ನಡಿಯತ್ತೆ ಅಂದ್ರು. ಅದನ್ನ ಕೇಳಿದ್ದೇ ತಡ ವಾಟ್ಸಾಪ್ ಗ್ರೂಪುಗಳಲ್ಲಿ "ಇನ್ಮೇಲೆ ಬೆಂಗಳೂರಲ್ಲೇ ತಗೋಬಹುದು, ಅರ್ಧಕ್ಕರ್ಧ ಕಮ್ಮಿ" ಅಂತ ಓಡಾಡ್ತು. ಹಾಗಲ್ಲ ಅದು. ಆ ಕಂಪನಿಗೆ ಕೆನಡಾದಲ್ಲಿ ಅಪಘಾತ ಮತ್ತು ಕಾಯಿಲೆ ಇನ್ಶೂರೆನ್ಸ್ ಮಾರೋಕೆ ಇಲ್ಲಿನ ಫೆಡರಲ್ ನಿಯಂತ್ರಕರ, ಅಂದ್ರೆ ಓಸ್ಫಿ (OSFI) ಅಂತಾರಲ್ಲ ಅವರ ಅನುಮತಿ ಇರಬೇಕು, ಅವರ ಪಟ್ಟೀಲಿ ಹೆಸರಿರಬೇಕು, ಪಾಲಿಸೀನೂ ಅದರ ಕೆನಡಾ ವ್ಯವಹಾರದ ಭಾಗವಾಗೇ ಕೊಟ್ಟಿರಬೇಕು. ಟಿಕೆಟ್ ಬುಕ್ ಮಾಡುವಾಗ ಟ್ರಾವೆಲ್ ಏಜೆಂಟ್ "ಇದೂ ಹಾಕ್ಬಿಡ್ಲಾ ಸಾರ್" ಅಂತ ಸೇರಿಸೋ ಪಾಲಿಸಿ ಇದಕ್ಕೆ ಆಗಲ್ಲ. ಪಟ್ಟಿ ಓಸ್ಫಿ ವೆಬ್‌ಸೈಟಲ್ಲೇ ಇದೆ, ಕಂಪನಿ ಹೆಸರು ಹಾಕಿ ನೋಡ್ಕೊಳ್ಳಿ, ಏಜೆಂಟ್ ಮಾತು ನಂಬ್ಕೊಂಡು ವೀಸಾ ಕಳ್ಕೋಬೇಡಿ. ಪಟ್ಟೀಲಿ ಇದ್ರೂ ನಾನಂತೂ ಇನ್ನೊಂದು ವಿಷಯ ಕೇಳ್ತೀನಿ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೆ ಯಾರು ಎತ್ತುತ್ತಾರೆ, ಆಸ್ಪತ್ರೆಗೆ ಅವರೇ ನೇರ ಕಟ್ತಾರಾ ಅಥವಾ ನಾವು ಕಟ್ಟಿ ಆಮೇಲೆ ಬಿಲ್ ಕಳಿಸಿ ಕಾಯಬೇಕಾ.

ಈಗ ನನ್ನ ಕಥೆ. ಅಮ್ಮಂಗೆ ಬಿಪಿ ಇದೆ, ಹತ್ತು ವರ್ಷದಿಂದ ಒಂದೇ ಮಾತ್ರೆ, ಏನೂ ತೊಂದ್ರೆ ಇಲ್ಲ. ಫಾರಿನ್‌ಗೆ ಹೋಗ್ತಿದ್ದಾರೆ, ಹೋಗೋಕೆ ಮುಂಚೆ ಒಂದ್ಸಲ ಎಲ್ಲಾ ಚೆಕ್ ಮಾಡಿಸ್ಬಿಡೋಣ ಅಂತ ನಮ್ಮಣ್ಣ ಹಾಸನದಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿದ. ಡಾಕ್ಟ್ರು ಬಿಪಿ ಸ್ವಲ್ಪ ಜಾಸ್ತಿ ಇದೆ ಅಂತ 2.5 ಇದ್ದ ಮಾತ್ರೆ 5 ಮಾಡಿದ್ರು. ಒಳ್ಳೇದಕ್ಕೇ ಮಾಡಿದ್ದು, ತಪ್ಪೇನಿಲ್ಲ. ಬಂದು ಮೂರು ವಾರಕ್ಕೆ ಒಂದು ರಾತ್ರಿ ತಲೆಸುತ್ತು, ವಾಂತಿ, ಬಿಪಿ ಏರಿಬಿಟ್ಟಿತ್ತು, ಎಮರ್ಜೆನ್ಸಿಗೆ ಕರ್ಕೊಂಡು ಹೋದ್ವಿ, ಸ್ಕ್ಯಾನ್ ಗೀನ್ ಎಲ್ಲಾ ಆಗಿ ಬೆಳಗ್ಗೆ ಮನೆಗೆ ಕಳಿಸಿದ್ರು. ಬಿಲ್ ಮೂರು ಸಾವಿರ ಡಾಲರ್ ಚಿಲ್ಲರೆ. ಇನ್ಶೂರೆನ್ಸಿನೋರು ಹಾಸನದ ಡಾಕ್ಟ್ರ ರೆಕಾರ್ಡ್ ತರಿಸ್ಕೊಂಡ್ರು, ಡೋಸ್ ಬದಲಾಗಿದೆ, ಆದ್ದರಿಂದ ಬಿಪಿ ಸ್ಟೇಬಲ್ ಅಲ್ಲ, ಕ್ಲೇಮ್ ಇಲ್ಲ ಅಂತ ಎರಡು ಪುಟದ ಲೆಟರ್ ಕಳಿಸಿದ್ರು. ಪಾಲಿಸಿ ತೆಗೆದು ನೋಡಿದ್ರೆ ಹನ್ನೊಂದನೇ ಪುಟದಲ್ಲಿ ಹಾಗೇ ಬರೆದಿತ್ತು, ಜಗಳ ಆಡೋಕೂ ಜಾಗ ಇರ್ಲಿಲ್ಲ.

ಈ ಸ್ಟೇಬಲ್ ಅನ್ನೋ ಒಂದು ಪದ ಅರ್ಥ ಆದ್ರೆ ಮುಕ್ಕಾಲು ಪಾಲಿಸಿ ಅರ್ಥ ಆದ ಹಾಗೆ. ಮೊದಲಿಂದ ಇರೋ ಕಾಯಿಲೆ ಕವರ್ ಆಗಬೇಕು ಅಂದ್ರೆ ಅದು ಪಾಲಿಸಿ ಶುರುವಾಗೋ ದಿನಕ್ಕೆ ಮುಂಚೆ ಇಷ್ಟು ದಿನ ಸ್ಟೇಬಲ್ ಇರಬೇಕು ಅಂತ ಇರತ್ತೆ, 90 ದಿನ, 120, 180, ಕಂಪನಿ ಮೇಲೆ, ವಯಸ್ಸಿನ ಮೇಲೆ. ನಾವು ಸ್ಟೇಬಲ್ ಅಂದ್ರೆ ಆರಾಮಾಗಿದ್ದಾರೆ ಅಂದ್ಕೊಳ್ತೀವಿ. ಅವರ ಲೆಕ್ಕದಲ್ಲಿ ಹೊಸ ಮಾತ್ರೆ ಬಂದ್ರೂ ಸ್ಟೇಬಲ್ ಅಲ್ಲ, ಡೋಸ್ ಜಾಸ್ತಿ ಆದ್ರೂ ಅಲ್ಲ, ಎಷ್ಟೋ ಪಾಲಿಸಿಗಳಲ್ಲಿ ಡೋಸ್ ಕಮ್ಮಿ ಆದ್ರೂ ಅಲ್ಲ, ಟೆಸ್ಟ್ ಬರೆದುಕೊಟ್ಟು ರಿಸಲ್ಟ್ ಬಂದಿಲ್ಲ ಅಂದ್ರೂ ಅಲ್ಲ. ಅದಕ್ಕೇ ಹೇಳೋದು, ಚೆಕಪ್ ಮಾಡಿಸೋದಿದ್ರೆ ಹೊರಡೋಕೆ ಏಳೆಂಟು ತಿಂಗಳು ಮುಂಚೆ ಮಾಡಿಸಿ, ಡೋಸ್ ಬದಲಾದ್ರೂ ಅಷ್ಟು ದಿನ ಕಳೆದಿರತ್ತೆ. ಹಾಗಂತ ಬೇಕಾದ ಮಾತ್ರೆ ನಿಲ್ಲಿಸೋದು, ಡಾಕ್ಟ್ರಿಗೆ ತೋರಿಸದೇ ಮುಚ್ಚಿಡೋದು ಮಾಡ್ಬೇಡಿ. ಬದಲಾವಣೆ ಆಗಿದ್ರೆ ಕಮ್ಮಿ ದಿನದ ಸ್ಟೆಬಿಲಿಟಿ ಇರೋ ಪಾಲಿಸಿ ಹುಡುಕಿ ಇಲ್ಲಾ ಟಿಕೆಟ್ ಮುಂದೂಡಿ. ಡಾಲರ್ ಇನ್ನೂರು ಜಾಸ್ತಿ ಆದ್ರೂ 90 ದಿನದ್ದು ನಮ್ಮ ವಯಸ್ಸಾದೋರಿಗೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆ ಪತ್ರಿಕೆ. ವಯಸ್ಸಾದೋರಿಗೆ ಮೆಡಿಕಲ್ ಪ್ರಶ್ನೆಗಳ ಫಾರಂ ಇರತ್ತೆ, ಅದನ್ನ ತುಂಬೋದು ಇಲ್ಲಿರೋ ಮಗ ಅಥವಾ ಸೊಸೆ, ಆಫೀಸ್ ಲಂಚ್ ಬ್ರೇಕಲ್ಲಿ, ಎಲ್ಲದಕ್ಕೂ ನೋ ನೋ ನೋ ಅಂತ. "ಅಪ್ಪಂಗೆ ಶುಗರ್ ಇಲ್ಲ, ಬರೀ ಬಾರ್ಡರ್" ಅಂತೀವಿ, ಆದ್ರೆ ದಿನಾ ಮೆಟ್‌ಫಾರ್ಮಿನ್ ತಗೊಳ್ತಿರ್ತಾರೆ, ಅದು ಅವರ ಲೆಕ್ಕದಲ್ಲಿ ಡಯಾಬಿಟಿಸ್ಸೇ. "ಗ್ಯಾಸ್ ಟ್ರಬಲ್ಲು" ಅಂದಿದ್ದು ಆಸ್ಪತ್ರೆ ಫೈಲಲ್ಲಿ ಎದೆನೋವು, ಇಸಿಜಿ ಮಾಡಿಸಿದೆ ಅಂತ ಇರತ್ತೆ. ಎದೆನೋವಿಗೆ ಕೊಡೋ ನೈಟ್ರೋಗ್ಲಿಸರಿನ್ ಥರದ ಮಾತ್ರೆ ತಗೊಂಡಿದ್ದಾರಾ ಅಂತಾನೂ ಕೇಳ್ತಾರೆ, ನಮ್ಮಲ್ಲಿ ಎಷ್ಟೋ ಹಿರಿಯರು ಅದೇ ಥರದ ಸಾರ್ಬಿಟ್ರೇಟ್ ಮಾತ್ರೆ ಶರ್ಟ್ ಜೇಬಲ್ಲೇ ಇಟ್ಕೊಂಡು ಓಡಾಡ್ತಾರೆ, ಮಕ್ಕಳಿಗೆ ಹೇಳಿರೋದೇ ಇಲ್ಲ. ಫೋನ್ ಮಾಡಿ, ಮಾತ್ರೆ ಡಬ್ಬಿ ಮುಂದಿಟ್ಕೊಂಡು ಒಂದೊಂದೇ ಹೆಸರು ಓದಿಸ್ಕೊಳ್ಳಿ. ಉತ್ತರ ತಪ್ಪಾಗಿದ್ರೆ ಬರೀ ಆ ಕಾಯಿಲೆಯ ಕ್ಲೇಮ್ ಅಲ್ಲ, ಕಾಲು ಮುರಿದಿದ್ದಕ್ಕೂ ದುಡ್ಡು ಬರದ ಹಾಗೆ ಪಾಲಿಸೀನೇ ರದ್ದು ಮಾಡಬಹುದು.

ಈ ಪಾಲಿಸಿ ಎಮರ್ಜೆನ್ಸಿಗೆ ಮಾತ್ರ ಅನ್ನೋದು ಇನ್ನೊಂದು. ತಿಂಗಳ ಮಾತ್ರೆ, ರೂಟೀನ್ ಟೆಸ್ಟ್, ಕಣ್ಣಿನ ಪೊರೆ ಆಪರೇಷನ್, ಮಂಡಿ ನೋವು, ಯಾವುದೂ ಇಲ್ಲ. ಎಮರ್ಜೆನ್ಸಿ ಮುಗೀತು ಅಂತ ಇನ್ಶೂರೆನ್ಸ್ ಕಂಪನಿ ಡಾಕ್ಟ್ರು ಹೇಳಿದ್ಮೇಲೆ ಮುಂದಿನ ಚಿಕಿತ್ಸೆ ಊರಲ್ಲಿ ಮಾಡಿಸ್ಕೊಳ್ಳಿ ಅನ್ನಬಹುದು, ಪ್ರಯಾಣ ಮಾಡೋ ಸ್ಥಿತೀಲಿದ್ದೂ ಹೋಗಲ್ಲ ಅಂದ್ರೆ ಆ ಕಾಯಿಲೆಗೆ ಕವರೇಜ್ ಅಲ್ಲಿಗೇ ನಿಲ್ಲತ್ತೆ. ಊರಿಂದ ಮಾತ್ರೆ ತರೋಕೂ ಲಿಮಿಟ್ ಇದೆ, ಡಾಕ್ಟ್ರು ಬರೆದುಕೊಟ್ಟ ಮಾತ್ರೆ 90 ದಿನಕ್ಕಾಗುವಷ್ಟು ಅಥವಾ ಒಂದು ಕೋರ್ಸ್, ಎರಡರಲ್ಲಿ ಯಾವುದು ಕಮ್ಮೀನೋ ಅದು, ಅಂಗಡಿ ಪ್ಯಾಕಲ್ಲೇ ಇರಬೇಕು, ಎಲ್ಲಾ ಬಿಚ್ಚಿ ಒಂದೇ ಡಬ್ಬೀಲಿ ಹಾಕಿ ತಂದ್ರೆ ಕಷ್ಟ. ಐದು ವರ್ಷ ಇರೋರಿಗೆ 90 ದಿನದ್ದು ಎಲ್ಲಿಗೆ ಸಾಲತ್ತೆ? ಆಮೇಲೆ ಇಲ್ಲಿನ ವಾಕ್-ಇನ್ ಕ್ಲಿನಿಕ್ಕಿಗೆ ಕೈಯಿಂದ ಫೀಸ್ ಕೊಟ್ಟು ಹೋಗಿ ಪ್ರಿಸ್ಕ್ರಿಪ್ಷನ್ ಬರೆಸ್ಬೇಕು, ಊರಿನ ಡಾಕ್ಟ್ರ ಚೀಟಿಗೆ ಇಲ್ಲಿ ಫಾರ್ಮಸೀಲಿ ಮಾತ್ರೆ ಕೊಡಲ್ಲ. ಡಿಸ್ಪೆನ್ಸಿಂಗ್ ಫೀ, ಅಂದ್ರೆ ಮಾತ್ರೆ ಕೊಡೋದಕ್ಕೆ ಫಾರ್ಮಸಿ ಹಾಕೋ ಫೀಸ್, ಅಂಗಡಿಯಿಂದ ಅಂಗಡಿಗೆ ಬೇರೆ, ಎರಡು ಮೂರು ಕಡೆ ಕೇಳಿ. ಈ ಖರ್ಚನ್ನ ಪ್ರೀಮಿಯಂ ಜೊತೆ ಮೊದಲೇ ಲೆಕ್ಕ ಹಾಕಿ.

ತುಂಬಾ ಜನ ಎಡವೋದು ಎರಡನೇ ವರ್ಷದಲ್ಲಿ. ಪಾಲಿಸಿ ಸಾಮಾನ್ಯವಾಗಿ ವರ್ಷದ್ದು, ರಿನ್ಯೂ ಮಾಡಿದ್ರೆ ಮುಂದುವರಿತು ಅಂದ್ಕೊಳ್ತೀವಿ, ಕಂಪನಿ ಲೆಕ್ಕದಲ್ಲಿ ಅದು ಹೊಸ ಪಾಲಿಸಿ, ಸ್ಟೆಬಿಲಿಟಿ ದಿನಗಳನ್ನ ಹೊಸ ತಾರೀಕಿಂದ ಹಿಂದಕ್ಕೆ ಎಣಿಸ್ತಾರೆ. ಮೊದಲನೇ ವರ್ಷದ ಹತ್ತನೇ ತಿಂಗಳಲ್ಲಿ ಅಪ್ಪಂಗೆ ಹಾರ್ಟ್ ಪ್ರಾಬ್ಲಂ ಬಂದು ಕ್ಲೇಮ್ ಆಯ್ತು ಅಂದ್ಕೊಳ್ಳಿ, ಎರಡನೇ ವರ್ಷದ ಪಾಲಿಸೀಲಿ ಅದು ಮೊದಲಿಂದ ಇರೋ ಕಾಯಿಲೆ, ಅದೂ ಸ್ಟೇಬಲ್ ಅಲ್ಲದ ಕಾಯಿಲೆ. ಅಂಥ ಸಮಯದಲ್ಲಿ ಊರಿಗೆ ಕಳಿಸೋದಾ ಇಟ್ಕೊಳ್ಳೋದಾ ಅಂತ ಮನೇಲಿ ಕೂತು ಮಾತಾಡ್ಬೇಕು, ಐದು ವರ್ಷ ಇರಬಹುದು ಅಂತ ವೀಸಾ ಹೇಳತ್ತೆ ಅಂತ ಸುಮ್ನೆ ಇರೋಕಾಗಲ್ಲ. ಮಧ್ಯದಲ್ಲಿ ಮದುವೆ ಮುಂಜಿಗೆ ಊರಿಗೆ ಹೋದ್ರೆ ಅಲ್ಲಿ ಕವರೇಜ್ ಇರಲ್ಲ, ಪೂರ್ತಿ ಹೋಗೋದಾದ್ರೆ, ಕ್ಲೇಮ್ ಮಾಡಿಲ್ಲ ಅಂದ್ರೆ, ಉಳಿದ ತಿಂಗಳ ದುಡ್ಡು ವಾಪಸ್ ಕೇಳಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಮಾಮೂಲಿ ವಿಸಿಟರ್ ವೀಸಾದಲ್ಲಿ ಬರೋರಿಗೆ ಇನ್ಶೂರೆನ್ಸ್ ಕಡ್ಡಾಯ ಅಲ್ಲ, ಆದ್ರೂ ತಗೊಳ್ಳಿ, ಬರೋಕೆ ಮುಂಚೇನೇ ತಗೊಳ್ಳಿ. ಬಂದ್ಮೇಲೆ ತಗೊಂಡ್ರೆ ಕಾಯಿಲೆಗೆ ಮೊದಲ ಕೆಲವು ದಿನ ಕವರೇಜ್ ಇರಲ್ಲ, ಜೆಟ್ ಲ್ಯಾಗು ಚಳಿ ಎಲ್ಲಾ ಸೇರಿ ಹುಷಾರು ತಪ್ಪೋದು ಆ ದಿನಗಳಲ್ಲೇ.

ಏನಾದ್ರೂ ಆದಾಗ: ಜೀವಕ್ಕೆ ಅಪಾಯ ಅನ್ಸಿದ್ರೆ ಮೊದ್ಲು 911, ಇನ್ಶೂರೆನ್ಸ್ ಆಮೇಲೆ. ಅಷ್ಟು ಅರ್ಜೆಂಟ್ ಅಲ್ಲ ಅಂದ್ರೆ ಪಾಲಿಸಿ ಕಾರ್ಡಲ್ಲಿರೋ ಅಸಿಸ್ಟೆನ್ಸ್ ನಂಬರಿಗೆ ಮೊದ್ಲು ಫೋನ್ ಮಾಡಿ, ಮಾಡದೇ ಹೋದ್ರೆ ಕೆಲವು ಪಾಲಿಸೀಲಿ ಪೂರ್ತಿ ದುಡ್ಡು ಕೊಡಲ್ಲ, ಯಾರ ಹತ್ರ ಮಾತಾಡಿದ್ರಿ, ಎಷ್ಟು ಹೊತ್ತಿಗೆ ಅಂತ ಬರೆದಿಡಿ. ಆಸ್ಪತ್ರೆಗೆ ಹೋಗಬೇಕಾ ಬೇಡ್ವಾ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಒಂಟಾರಿಯೋದಲ್ಲಿ 811ಕ್ಕೆ ಮಾಡಿದ್ರೆ ನರ್ಸ್ ಮಾತಾಡ್ತಾರೆ. ಕ್ಲೇಮ್ ತಿರಸ್ಕಾರ ಆದ್ರೆ ಮೊದ್ಲು ಕಂಪನೀಲೇ ಅಪೀಲ್, ಅವರ ಕೊನೇ ಉತ್ತರ ಲೆಟರಲ್ಲಿ ತಗೊಂಡು, ಸರಿ ಅನ್ಸಲ್ಲ ಅಂದ್ರೆ ಓಲ್ಹೀ (OLHI) ಅಂತ ಲೈಫ್ ಮತ್ತು ಹೆಲ್ತ್ ಇನ್ಶೂರೆನ್ಸಿನ ದೂರು ಕೇಳೋ ಓಂಬುಡ್ ಸರ್ವಿಸ್ ಇದೆ, ಅಲ್ಲಿ ಫೀಸ್ ಇಲ್ಲದೇ ದೂರು ಕೊಡಬಹುದು.

ಅಮ್ಮ ಈ ಯುಗಾದಿಗೆ ಮತ್ತೆ ಬರ್ತಿದ್ದಾರೆ. ಅಣ್ಣಂಗೆ ಈ ಸಲ ಮೊದಲೇ ಹೇಳಿದ್ದೀನಿ, ಚೆಕಪ್ಪು ಗಣೇಶನ ಹಬ್ಬದೊಳಗೇ ಮುಗಿಸ್ಬೇಕು, ಆಮೇಲೆ ಡಾಕ್ಟ್ರು ಮಾತ್ರೆ ಮುಟ್ಟಿದ್ರೆ ಅವತ್ತೇ ನಂಗೆ ಫೋನ್ ಮಾಡ್ಬೇಕು ಅಂತ. ಅವನು "ನಿನ್ನ ಇನ್ಶೂರೆನ್ಸಿಗೆ ಅಮ್ಮನ ಬಿಪಿ ಕಾಯ್ಕೊಂಡು ಕೂತ್ಕೋಬೇಕಾ" ಅಂತ ರೇಗ್ದ, ಆಮೇಲೆ ಮಾತ್ರೆ ಸ್ಟ್ರಿಪ್ಪಿನ ಫೋಟೋ ಕಳಿಸಿದ.