ಸಸಿ ಅಂಗಡಿಯ ಗೋಡೆಗೆ ಊರವರ ಚಿತ್ರ: ಶುರು ಮಾಡುವವರಿಗೆ ನಾಲ್ಕು ಮಾತು

ರಸ್ತೆಗೆ ಮುಖ ಮಾಡಿದ ಒಂದು ಕೋಣೆ, ಮುಂದೆ ಜಗಲಿ, ಪಕ್ಕದಲ್ಲಿ ಎರಡು ಜೀಪು ನಿಲ್ಲುವಷ್ಟು ಜಾಗ. ಇಷ್ಟಿದ್ದರೆ ಸಸಿ ಅಂಗಡಿ ಶುರು ಮಾಡಬಹುದು. ಅದೇ ಕೋಣೆಯ ಗೋಡೆಗೆ ಊರಿನವರು ಬರೆದ ಚಿತ್ರ ಹಾಕಿ, ಕೆತ್ತಿದ್ದು, ಹೆಣೆದಿದ್ದು ಇಟ್ಟು ಮಾರಲೂಬಹುದು. ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಹೋಗುವ ದಾರಿಯಲ್ಲಿ ನಾನು ಆರು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಹೇಗೆ ಶುರು ಮಾಡೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಹಳ್ಳಿ ಅಂಗಡಿಗೆ ಚಿತ್ರ ನೋಡಬೇಕು ಅಂತ ಯಾರೂ ಮನೆಯಿಂದ ಹೊರಡುವುದಿಲ್ಲ. ಕಾಳುಮೆಣಸಿನ ಬಳ್ಳಿಗೆ ಬರುತ್ತಾರೆ, ಬದನೆ ಸಸಿಗೆ ಬರುತ್ತಾರೆ. ಬಂದವರು ಸಸಿ ಆರಿಸಿ, ದುಡ್ಡು ಕೊಡಲು ಒಳಗೆ ಬಂದಾಗ ಗೋಡೆ ನೋಡುತ್ತಾರೆ. ಹಾಗಾಗಿ ಗಲ್ಲಾ ಪೆಟ್ಟಿಗೆ ಕೋಣೆಯ ಒಳಗೇ ಇರಲಿ, ಹೊರಗೆ ಜಗಲಿಯಲ್ಲಿ ಬೇಡ. ಅಂಗಡಿಯ ಲೆಕ್ಕಾಚಾರವೆಲ್ಲ ಸಸಿಯ ಕಾಲ ನೋಡಿಕೊಂಡು ನಡೆಯಬೇಕು. ಚಿತ್ರವೂ ಆ ಕಾಲಕ್ಕೇ ಹೊಂದಿಕೊಳ್ಳಬೇಕು.

ಈಗ ಸಸಿಯ ವಿಷಯ. ನಮ್ಮ ಕಡೆ ದೊಡ್ಡ ವ್ಯಾಪಾರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ. ಮಳೆ ಹಿಡಿದ ಕೂಡಲೇ ತೋಟದವರಿಗೆ ಮೆಣಸಿನ ಬಳ್ಳಿ ಬೇಕು. ಅದಕ್ಕೆ ಫೆಬ್ರವರಿ–ಮಾರ್ಚ್‌ನಲ್ಲೇ ಬುಡದಿಂದ ಹೊರಡುವ ಹಬ್ಬು ಬಳ್ಳಿ ತಂದು, ಎರಡು ಮೂರು ಗಿಣ್ಣು ಬರುವ ಹಾಗೆ ಕತ್ತರಿಸಿ, ಕವರಿಗೆ ನೆಟ್ಟು ನೆರಳಲ್ಲಿಡಬೇಕು. ಬಳ್ಳಿ ಎಲ್ಲಿಂದ ತರುತ್ತೀರಿ ಅನ್ನುವುದು ಬಹಳ ಮುಖ್ಯ. ಸೊರಗು ರೋಗ ಬಂದ ತೋಟದ ಬಳ್ಳಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ನಿಮ್ಮಿಂದ ಹತ್ತು ತೋಟಕ್ಕೆ ರೋಗ ಹೋಗುತ್ತದೆ. ಕೊಳ್ಳುವವರನ್ನು ಅವರ ತೋಟದ ನೆರಳು ಎಷ್ಟಿದೆ ಅಂತ ಕೇಳಿ. ಪಣಿಯೂರು 1 ಬಿಸಿಲು ಬೀಳುವ ಕಡೆ ಚೆನ್ನಾಗಿ ಬರುತ್ತದೆ, ದಟ್ಟ ನೆರಳಿನಲ್ಲಿ ಕಾಳು ಕಟ್ಟುವುದು ಕಡಿಮೆ. ಇದನ್ನು ಹೇಳಿದ್ದಕ್ಕೆ ಒಬ್ಬಿಬ್ಬರು ಕೊಳ್ಳದೆ ಹೋಗಬಹುದು, ಹೋಗಲಿ. ಮುಂದಿನ ವರ್ಷ ಅವರೇ ಬೇರೆ ತಳಿ ಕೇಳಿಕೊಂಡು ಬರುತ್ತಾರೆ.

ಕವರಿಗೆ ತುಂಬುವ ಮಣ್ಣಿಗೆ ಕಾಫಿ ನರ್ಸರಿಯವರ ಅಳತೆ ನನಗೆ ಚೆನ್ನಾಗಿ ಹೊಂದಿದೆ: 6 ಪಾಲು ಜರಡಿ ಹಿಡಿದ ಕಾಡುಮಣ್ಣು, 2 ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ತರಕಾರಿ ಸಸಿಗೆ ಮಾತ್ರ ಪ್ರೋಟ್ರೇ (ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಮತ್ತು ಕೊಕೊಪಿಟ್ (ತೆಂಗಿನ ನಾರಿನ ಪುಡಿ). ಟೊಮೆಟೊ 25ರಿಂದ 30 ದಿನಕ್ಕೆ ತಯಾರು, ಮೆಣಸಿನಕಾಯಿಗೆ 35–40 ದಿನ ಬೇಕು. ಜೋರು ಮಳೆಗಾಲದಲ್ಲಿ ಟೊಮೆಟೊ ಸಸಿ ಮಾಡಲೇಬೇಡಿ, ಮಲೆನಾಡಿನಲ್ಲಿ ಯಾರೂ ಆಗ ನೆಡುವುದಿಲ್ಲ. ಮಳೆ ಇಳಿಯುವ ಸೆಪ್ಟೆಂಬರ್ ಕೊನೆಗೆ ಸಸಿ ಕೈಯಲ್ಲಿರುವ ಹಾಗೆ ಬಿತ್ತಿ. ನೀರು ಬೆಳಿಗ್ಗೆಯೇ ಹಾಕಿ. ಸಂಜೆ ಹಾಕಿದರೆ ರಾತ್ರಿಯೆಲ್ಲ ಬುಡ ಒದ್ದೆ ಇದ್ದು, ಬೆಳಿಗ್ಗೆ ನೋಡಿದರೆ ಅರ್ಧ ಟ್ರೇ ಬುಡ ಕೊಳೆತು ಮಲಗಿರುತ್ತದೆ. ಕೊಕೊಪಿಟ್ಟಿಗೆ ಮೊದಲೇ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿಟ್ಟರೆ ಈ ಕಾಟ ಎಷ್ಟೋ ಕಡಿಮೆ. ಮಾರುವ ಮುಂಚೆ ಒಂದು ವಾರ ನೀರು ಸ್ವಲ್ಪ ಕಡಿಮೆ ಮಾಡಿ ಬಿಸಿಲಿಗೆ ರೂಢಿ ಮಾಡಿಸಿ. ಶೇಡ್ ನೆಟ್ ಕೆಳಗಿನಿಂದ ಸೀದಾ ಕೊಟ್ಟರೆ ಅವರ ಮನೆಯಲ್ಲಿ ಎರಡೇ ದಿನಕ್ಕೆ ಬಾಡುತ್ತದೆ.

ಕರಿಬೇವು, ನುಗ್ಗೆ, ದಾಸವಾಳ, ತುಳಸಿ ಇವು ವರ್ಷವಿಡೀ ಹೋಗುತ್ತವೆ, ಜಾಸ್ತಿ ಹೇಳುವುದಿಲ್ಲ.

ಆದರೆ ಡೇರೆ (ಡೇಲಿಯಾ) ಹೂವನ್ನು ಬಿಡಬೇಡಿ. ಮೊದಲ ಮಳೆಗೆ ಗಡ್ಡೆ ನೆಟ್ಟರೆ ಗೌರಿ ಹಬ್ಬದ ಹೊತ್ತಿಗೆ ಅಂಗಳ ತುಂಬಾ ಹೂ. ನಮ್ಮ ಹೆಣ್ಣುಮಕ್ಕಳು ಇದನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಬದಲಿಸಿಕೊಳ್ಳುವುದೇ ಹೆಚ್ಚು. ನಾನು ಅಂಗಡಿಯಲ್ಲೂ ಹಾಗೇ ಮಾಡಿದ್ದೇನೆ: ನನ್ನ ಹತ್ತಿರ ಇಲ್ಲದ ಬಣ್ಣದ ಗಡ್ಡೆ ತಂದವರಿಗೆ ಇರುವುದರಲ್ಲಿ ಒಂದು ಕೊಡುತ್ತೇನೆ. ಹೀಗೆ ಬದಲಿಸಲು ಬಂದ ಅಕ್ಕ ಒಬ್ಬರು ಒಂದು ದಿನ ಕೈಯ ಮಣ್ಣೂ ಒರೆಸದೆ ಗೋಡೆ ಮುಂದೆ ನಿಂತುಬಿಟ್ಟರು. ಅವರ ಊರಿನ ಕೆರೆಯ ಚಿತ್ರ. ಏರಿಯ ಮೇಲೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಓರೆಯಾಗಿ ಬೆಳೆದ ಹೊಂಗೆ ಮರ. "ಈ ಕಲ್ಲಿನ ಮೇಲೆ ನಮ್ಮಮ್ಮ ಬಟ್ಟೆ ಒಗೀತಿದ್ರು, ಇದನ್ನ ಯಾರು ಬರೆದಿದ್ದು?" ಅಂದರು. ಮೂರು ತಿಂಗಳು 200, 200 ಕೊಟ್ಟು ಆ ಚಿತ್ರ ತೆಗೆದುಕೊಂಡು ಹೋದರು. ಆಮೇಲಿಂದ ನಾನು ಕಂತಿಗೆ ಕೊಡುವುದನ್ನು ರೂಢಿ ಮಾಡಿಕೊಂಡೆ. ಊರಿನ ಚಿತ್ರವನ್ನು ಊರಿನವರೂ ಕೊಳ್ಳುವ ಹಾಗಿರಬೇಕು, ಅಲ್ವಾ?

ಬರೆಯುವವರು, ಕೆತ್ತುವವರು ಎಲ್ಲಿ ಸಿಗುತ್ತಾರೆ ಅಂತ ಕೇಳುತ್ತಾರೆ. ಹುಡುಕಿದರೆ ಹತ್ತಿರದಲ್ಲೇ ಇದ್ದಾರೆ. ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ಕಾಫಿ ಡಿಕಾಕ್ಷನ್ನಿನಲ್ಲೇ ಚಿತ್ರ ಬರೆಯುವ ಪಿಯುಸಿ ಹುಡುಗಿ, ಬುಟ್ಟಿ ಹೆಣೆಯುವ ಮೇದರ ಮನೆಯವರು, ಬೇಲೂರು–ಹಳೇಬೀಡು ಕಡೆ ಬಳಪದ ಕಲ್ಲಿನಲ್ಲಿ ಸಣ್ಣ ಮೂರ್ತಿ ಕೆತ್ತುವವರು. ಸುಮ್ನೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅನ್ನಬೇಡಿ. ಮನೆಗೆ ಹೋಗಿ, ಕೂತು, ಅವರು ತೋರಿಸಿದ್ದನ್ನೆಲ್ಲ ನೋಡಿ. ಒಮ್ಮೆಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ತರಬೇಡಿ. ಗೋಡೆ ತುಂಬಿದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಕಾಫಿ ಕಾಂಡದಲ್ಲಿ ಮಾಡಿದ ಟೀಪಾಯಿ, ದೀಪದ ಸ್ಟ್ಯಾಂಡ್ ತಂದರೆ ತೊಗಟೆ ಪೂರ್ತಿ ತೆಗೆದು ಚೆನ್ನಾಗಿ ಒಣಗಿಸಿದ್ದಾರಾ ನೋಡಿ. ಬಿಳಿ ಕಾಂಡಕೊರಕ ಹುಳು ಬಿದ್ದು ಕಿತ್ತ ಅರೇಬಿಕಾ ಕಾಫಿ ಗಿಡದ ಹಸಿ ಕಾಂಡ ಆಗಿದ್ದರೆ ಒಳಗೆ ಹುಳು ಇರುತ್ತದೆ, ತೋಟದ ನಡುವೆ ಅಂಗಡಿ ಇಟ್ಟುಕೊಂಡು ಅದನ್ನು ತರಬಾರದು.

ಇನ್ನು ನೀರು ಮತ್ತು ಕಾಗದ. ಎರಡನೇ ವರ್ಷದ ಜುಲೈನಲ್ಲಿ ಮೇಷ್ಟ್ರ ಜಲವರ್ಣದ ಚಿತ್ರ ಆರು ನನ್ನ ಗೋಡೆಯಲ್ಲಿದ್ದವು. ಸಸಿಯ ಗಡಿಬಿಡಿಯಲ್ಲಿ ಮೂರು ವಾರ ನಾನು ಅವುಗಳ ಕಡೆ ತಿರುಗಿ ನೋಡಲಿಲ್ಲ. ಒಂದು ದಿನ ಫ್ರೇಮ್ ತಿರುಗಿಸಿದರೆ ಹಿಂದಿನ ರಟ್ಟಿನ ತುಂಬಾ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಕೆಳಗಿನ ಅಂಚಿನಲ್ಲಿ ಬಿಳಿ ಬೂಷ್ಟು, ಮುಂದೆ ಆಕಾಶದ ನೀಲಿಯಲ್ಲಿ ಕಂದು ಕಲೆ. ಎರಡು ಚಿತ್ರ ಹಾಳಾದವು. ಬೆಲೆ ಕೊಟ್ಟೆ, ಆದರೆ ಆ ಚಿತ್ರ ಮತ್ತೆ ಬರುವುದಿಲ್ಲ. ಅವತ್ತಿನಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನ ಗೋಡೆಗೆ ಕಾಗದ ಇಲ್ಲ. ಆ ಐದು ತಿಂಗಳು ಕಲ್ಲು, ಮಣ್ಣಿನ ಮಡಕೆ, ಲೋಹ, ಬಣ್ಣ ಬಳಿದ ಹಂಚು. ಬಿದಿರನ್ನು ಇಡುತ್ತೇನೆ, ಆದರೆ ಬಿಸಿಲು ಕಂಡ ದಿನ ಹೊರಗೆ ಹಾಕುತ್ತೇನೆ. ನವೆಂಬರ್ ಬಂದ ಮೇಲೆ ಚಿತ್ರದ ಕಾಲ, ಮೇವರೆಗೂ ನಡೆಯುತ್ತದೆ. ಆಗ ಸಸಿ ವ್ಯಾಪಾರವೂ ಸ್ವಲ್ಪ ಸಾವಕಾಶ, ಬೆಂಗಳೂರಿನಿಂದ ಗಿರಿ ನೋಡಲು ಬರುವವರೂ ಜಾಸ್ತಿ.

ಚಿತ್ರದ ಕಾಲದಲ್ಲೂ ಕೆಲವು ಎಚ್ಚರ ಬೇಕು. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬಾಟಲಿ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಬೇಕು. ಪಡುವಣ ಕಿಟಕಿಯ ಎದುರು ಜಲವರ್ಣ ಹಾಕಬೇಡಿ, ಸಂಜೆ ಬಿಸಿಲಿಗೆ ಬಣ್ಣ ಮಾಸುತ್ತದೆ. ನೀರು ಹಾಕಿದ ಸಸಿ ಟ್ರೇ ಕೋಣೆಯೊಳಗೆ ಬರಲೇಬಾರದು, ಮಂಗ ಬಂತು ಅಂತಲೂ ಬೇಡ. ಮಂಗಕ್ಕೆ ಜಗಲಿಗೆ ಜಾಲರಿ ಹಾಕಿಸಿ, ಖರ್ಚಾದರೂ ಅದೊಂದೇ ದಾರಿ.

ದುಡ್ಡಿನ ವಿಷಯ ಮೊದಲ ದಿನವೇ ಬಾಯಿಬಿಟ್ಟು ಮಾತಾಡಿ. ಬೆಲೆ ಹೇಳುವುದು ಮಾಡಿದವರು, ನಾನಲ್ಲ. 100ಕ್ಕೆ 20 ನನಗೆ, 80 ಅವರಿಗೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ತಂದ ತಾರೀಖು, ವಸ್ತು, ಬೆಲೆ, ಮಾರಿದ ತಾರೀಖು, ಅವರ ಸಹಿ. ಪ್ರತಿ ತಿಂಗಳು 5ನೇ ತಾರೀಖಿಗೆ ದುಡ್ಡು ಕೊಡುತ್ತೇನೆ, ಒಂದೂ ಮಾರದ ತಿಂಗಳು ಫೋನ್ ಮಾಡಿ ಹೇಳುತ್ತೇನೆ. ಸಸಿಯ ದುಡ್ಡು ಮತ್ತು ಚಿತ್ರದ ದುಡ್ಡು ಒಂದೇ ಡಬ್ಬಕ್ಕೆ ಬಿದ್ದರೆ ಗೊಬ್ಬರದ ಲೋಡು ಬಂದ ದಿನ ಮೇಷ್ಟ್ರ ದುಡ್ಡೂ ಅದಕ್ಕೇ ಹೋಗುತ್ತದೆ. ಬೇರೆ ಡಬ್ಬ ಇಡಿ. ಸಸಿಗೆ ಚೌಕಾಸಿ ಮಾಡಿದರೆ ಒಂದು ಸಸಿ ಹೆಚ್ಚು ಕೊಟ್ಟು ಕಳಿಸಿ, ಚಿತ್ರಕ್ಕೆ ಚೌಕಾಸಿ ಬೇಡ.

ಪ್ರತಿ ವಸ್ತುವಿನ ಕೆಳಗೆ ಮಾಡಿದವರ ಹೆಸರು, ಊರು ದೊಡ್ಡ ಅಕ್ಷರದಲ್ಲಿ ಇರಲಿ. ಇದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಲ್ಲಿಯ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. 900 ವರ್ಷದ ಹಿಂದೆ ಕಲ್ಲಿನಲ್ಲೇ ಹೆಸರು ಬರೆಯಲು ಬಿಟ್ಟಿದ್ದರು, ನಾವು ಒಂದು ಚೀಟಿ ಅಂಟಿಸಲು ಯಾಕೆ ಹಿಂದೆ ಮುಂದೆ ನೋಡಬೇಕು? ಹೆಸರು ನೋಡಿದ ಮೇಲೆ ಜನ ಮಾತಾಡಿಸುತ್ತಾರೆ, "ಇವರು ನಮ್ಮ ಮಾವನ ಊರಿನವರು" ಅನ್ನುತ್ತಾರೆ, ಆರ್ಡರ್ ಬರುತ್ತದೆ.

ಕಾಗದಪತ್ರ: ಅಂಗಡಿಗೆ ಗ್ರಾಮ ಪಂಚಾಯ್ತಿಯ ಲೈಸೆನ್ಸ್ ಮಾಡಿಸಿಕೊಳ್ಳಿ. ಸಸಿ ಜೊತೆ ಬೀಜದ ಪ್ಯಾಕೆಟ್ಟೂ ಮಾರುತ್ತೀರಾದರೆ ಅದಕ್ಕೆ ಕೃಷಿ ಇಲಾಖೆಯ ಲೈಸೆನ್ಸ್ ಬೇರೆ ಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಈ ವರ್ಷವೇ ಶುರು ಮಾಡುವ ಮನಸ್ಸಿದ್ದರೆ ಜನವರಿಯಲ್ಲಿ ಮಣ್ಣು ಜರಡಿ ಹಿಡಿದು ಕವರ್ ತುಂಬಿಸಿ, ಮೊದಲ ಸಲಕ್ಕೆ 500 ಸಾಕು. ಕವರ್ ತುಂಬುವ ಕೆಲಸ ಮುಗಿದ ವಾರ ಗೋಡೆಗೆ ಸುಣ್ಣ ಹೊಡೆಸಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ನಿಮ್ಮೂರಿನ ಮೇಷ್ಟ್ರ ಮನೆಗೆ ಹೋಗಿ, ಬೀರು ಮೇಲೆ ಸುತ್ತಿಟ್ಟ ಚಿತ್ರಗಳನ್ನು ಇಳಿಸಿ ತೋರಿಸಿ ಅಂತ ಕೇಳಿ.