ಕ್ವಾರ್ಟರ್‌ಬ್ಯಾಕ್‌ಗೆ ಅವಸರ ಬೇಡ: ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್‌ಗೆ ಹೀಗೆ ಸಿದ್ಧರಾಗಿ

ಆಗಸ್ಟ್ ತಿಂಗಳ ಕೊನೆಯ ವಾರ ಬಂತೆಂದರೆ ಅಮೆರಿಕದ ಕಚೇರಿಗಳಲ್ಲಿ ಕೆಲಸ ತುಸು ನಿಧಾನವಾಗುತ್ತದೆ. ಎಂಥ ಶಿಸ್ತಿನವರೂ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಆಟಗಾರರ ಪಟ್ಟಿಯೊಂದನ್ನು ತೆರೆದಿಟ್ಟುಕೊಂಡಿರುತ್ತಾರೆ. ನ್ಯೂಜೆರ್ಸಿಗೋ ಡಲ್ಲಾಸ್‌ಗೋ ಹೊಸದಾಗಿ ಬಂದಿಳಿದ ನಮ್ಮವರನ್ನು ‘ಲೀಗ್‌ನಲ್ಲಿ ಒಂದು ಜಾಗ ಖಾಲಿ ಇದೆ, ಸೇರುತ್ತೀರಾ?’ ಎಂದು ಸಹೋದ್ಯೋಗಿಗಳು ಕೇಳುವುದು ಇದೇ ಹೊತ್ತಿನಲ್ಲಿ. ನನ್ನನ್ನೂ ಕೇಳಿದರು, ಹೂಂ ಎಂದೆ. ಮೊದಲ ಸುತ್ತಿನಲ್ಲೇ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ಆರಿಸಿಕೊಂಡೆ. ಕೋಣೆಯಲ್ಲಿದ್ದ ಉಳಿದ ಹನ್ನೊಂದು ಮಂದಿ ಮುಖ ಮುಖ ನೋಡಿಕೊಂಡು ನಕ್ಕರು. ನಕ್ಕಿದ್ದೇಕೆಂದು ನನಗೆ ಅರ್ಥವಾಗಲು ಅಕ್ಟೋಬರ್ ಬರಬೇಕಾಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಆತ ಅದನ್ನು ರಿಸೀವರ್‌ಗೆ ಎಸೆಯಬೇಕು, ರನ್ನಿಂಗ್ ಬ್ಯಾಕ್ ಕೈಗೆ ಕೊಡಬೇಕು, ಇಲ್ಲವೇ ತಾನೇ ಎತ್ತಿಕೊಂಡು ಓಡಬೇಕು. ಫ್ಯಾಂಟಸಿ ಆಟದಲ್ಲಿ ಇಂಥ ನಿಜವಾದ ಆಟಗಾರರನ್ನು ಆರಿಸಿ ನೀವೊಂದು ಕಾಗದದ ತಂಡ ಕಟ್ಟುತ್ತೀರಿ. ಲೀಗ್‌ನವರೆಲ್ಲ ಸರದಿಯಂತೆ ಮಾಡುವ ಈ ಆಯ್ಕೆಯೇ ಡ್ರಾಫ್ಟ್. ಭಾನುವಾರ ಅವರು ಮೈದಾನದಲ್ಲಿ ಮಾಡಿದ್ದೆಲ್ಲ ನಿಮ್ಮ ಅಂಕವಾಗುತ್ತದೆ. ಮೊಬೈಲ್‌ನಲ್ಲಿ ಕ್ರಿಕೆಟ್ ಫ್ಯಾಂಟಸಿ ಆಡಿದವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಕೊಹ್ಲಿ ಎಲ್ಲರ ತಂಡದಲ್ಲೂ ಇರಬಹುದು. ಇಲ್ಲಿ ಐಪಿಎಲ್ ಹರಾಜಿನ ಹಾಗೆ, ಒಬ್ಬ ಆಟಗಾರ ಒಂದೇ ತಂಡಕ್ಕೆ. ಯಾರನ್ನು ಆರಿಸಿದಿರಿ ಎಂಬುದರಷ್ಟೇ ಯಾವಾಗ ಆರಿಸಿದಿರಿ ಎಂಬುದೂ ಮುಖ್ಯವಾಗುವುದು ಇದರಿಂದಲೇ.

ನನ್ನ ತಪ್ಪಿಗೆ ಒಂದು ವಂಶಾವಳಿಯೂ ಇದೆ. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಾಗಿದ್ದ ಬಿಲ್ ವಿಂಕನ್‌ಬ್ಯಾಕ್ ಮತ್ತು ಗೆಳೆಯರು 1962ರಲ್ಲಿ ನ್ಯೂಯಾರ್ಕ್‌ನ ಹೋಟೆಲ್ ಒಂದರಲ್ಲಿ ಕುಳಿತು ಈ ಆಟದ ನಿಯಮ ಬರೆದರು. ಮರುವರ್ಷ ನಡೆದ ಮೊತ್ತಮೊದಲ ಡ್ರಾಫ್ಟ್‌ನಲ್ಲಿ ಮೊದಲು ಕೂಗಿದ ಹೆಸರು ಜಾರ್ಜ್ ಬ್ಲಾಂಡಾ, ಕ್ವಾರ್ಟರ್‌ಬ್ಯಾಕ್. ಆದರೆ ಬ್ಲಾಂಡಾ ಗೋಲುಕಂಬಗಳ ನಡುವೆ ಚೆಂಡು ಒದೆಯುವ ಕಿಕ್ಕರ್ ಕೂಡ ಆಗಿದ್ದರು. ಒಂದು ಬೆಲೆಗೆ ಎರಡು ಸಾಮಾನು. ಅವರ ಆಯ್ಕೆಯನ್ನು ನನ್ನದಕ್ಕೆ ಹೋಲಿಸುವುದು ತಪ್ಪಾದೀತು.

ಮೊದಲು ಅಂಕಪಟ್ಟಿ ಓದಿ

ಲೀಗ್‌ಗೆ ಸೇರಿದ ದಿನವೇ ಅಂಕದ ನಿಯಮ ತೆರೆದು ನೋಡಿ. ಸಾಮಾನ್ಯವಾಗಿ ಹೀಗಿರುತ್ತದೆ: ಎಸೆತದಿಂದ ಬಂದ 25 ಗಜಕ್ಕೆ 1 ಅಂಕ, ಎಸೆತದ ಟಚ್‌ಡೌನ್‌ಗೆ, ಅಂದರೆ ಎಸೆದ ಚೆಂಡನ್ನು ಹಿಡಿದವರು ಎದುರಾಳಿಯ ಗೋಲು ಗೆರೆ ದಾಟಿದರೆ, 4. ಓಡಿ ಗಳಿಸಿದ 10 ಗಜಕ್ಕೆ 1 ಅಂಕ, ಓಟದ ಟಚ್‌ಡೌನ್‌ಗೆ 6. ಎಸೆದದ್ದು ಎದುರಾಳಿಯ ಕೈ ಸೇರಿದರೆ, ಅಂದರೆ ಇಂಟರ್‌ಸೆಪ್ಷನ್ ಆದರೆ, ಲೀಗ್‌ಗೆ ತಕ್ಕಂತೆ 1 ಅಥವಾ 2 ಅಂಕ ಕಡಿತ.

ಈ ನಾಲ್ಕೈದು ಸಾಲುಗಳಲ್ಲಿ ಇಡೀ ಗುಟ್ಟು ಅಡಗಿದೆ. ಪೆನ್ನು ಹಿಡಿದು ಕೂರಿ.

2018ರಲ್ಲಿ ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ 5,097 ಗಜ ಎಸೆದು 50 ಟಚ್‌ಡೌನ್ ಕೊಡಿಸಿದರು. 12 ಇಂಟರ್‌ಸೆಪ್ಷನ್. ಓಡಿದ್ದು 272 ಗಜ, ಓಟದ ಟಚ್‌ಡೌನ್ 2. ಮರುವರ್ಷ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಎಸೆದದ್ದು ಬರೀ 3,127 ಗಜ, ಟಚ್‌ಡೌನ್ 36, ಇಂಟರ್‌ಸೆಪ್ಷನ್ 6. ಆದರೆ ಓಡಿದ್ದು 1,206 ಗಜ, ಓಟದ ಟಚ್‌ಡೌನ್ 7. ಟಿ.ವಿ. ನೋಡುವವರ ಕಣ್ಣಿಗೆ ಇಬ್ಬರ ಎಸೆತದ ನಡುವೆ ಅಜಗಜಾಂತರ. ಮೇಲಿನ ನಿಯಮದಂತೆ, ಇಂಟರ್‌ಸೆಪ್ಷನ್‌ಗೆ 2 ಕಳೆದು, ಕೈಜಾರಿದ ಚೆಂಡುಗಳ ಲೆಕ್ಕ ಬದಿಗಿಟ್ಟು ಕೂಡಿಸಿ ನೋಡಿ. ಮಹೋಮ್ಸ್‌ಗೆ 419.08. ಜಾಕ್ಸನ್‌ಗೆ 419.68. ಅದೂ ಜಾಕ್ಸನ್ ಒಂದು ಪಂದ್ಯ ಕಡಿಮೆ ಆಡಿ.

ಕಾಲಿನ ಬೆಲೆ ಇದು. ಹತ್ತು ಗಜದ ಓಟ ಇಪ್ಪತ್ತೈದು ಗಜದ ಎಸೆತಕ್ಕೆ ಸಮ. ಆದ್ದರಿಂದ ಓಡುವ ಕ್ವಾರ್ಟರ್‌ಬ್ಯಾಕ್ ಎಸೆತ ಕೈಕೊಟ್ಟ ದಿನವೂ ಬರಿಗೈಯಲ್ಲಿ ಬರುವುದಿಲ್ಲ. ಗೋಲು ಗೆರೆಯಿಂದ ಒಂದೆರಡು ಗಜ ದೂರದಲ್ಲಿ ತಂಡ ಚೆಂಡನ್ನು ಯಾರ ಕೈಗೆ ಕೊಡುತ್ತದೆ ಎಂಬುದನ್ನೂ ನೋಡಿ. 2023ರಲ್ಲಿ ಬಫಲೋದ ಜಾಶ್ ಆ್ಯಲನ್, ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ ಇಬ್ಬರೂ ತಲಾ 15 ಟಚ್‌ಡೌನ್‌ಗಳನ್ನು ಓಡಿಯೇ ಗಳಿಸಿದರು. ಹರ್ಟ್ಸ್ ಅವರನ್ನಂತೂ ಹಿಂದಿನಿಂದ ತಂಡದವರೇ ಕೆಸರಲ್ಲಿ ಹೂತ ಬಂಡಿಯನ್ನು ನೂಕಿದ ಹಾಗೆ ನೂಕುತ್ತಿದ್ದರು. ನೋಡಲು ಚಂದವಿಲ್ಲ, ಆದರೆ ಪ್ರತಿಯೊಂದಕ್ಕೂ 6 ಅಂಕ.

ನಿಮ್ಮ ಲೀಗ್‌ನಲ್ಲಿ ಎಸೆತದ ಟಚ್‌ಡೌನ್‌ಗೂ 6 ಅಂಕವಿದ್ದರೆ ಈ ಲೆಕ್ಕ ತಿರುಗಿಬೀಳುತ್ತದೆ. ಆಗ ಅದೇ ಮಹೋಮ್ಸ್ 519ಕ್ಕೆ ಏರುತ್ತಾರೆ, ಜಾಕ್ಸನ್ 491ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ನಿಯಮ ಓದದೆ ಯಾರದೋ ಸಿದ್ಧ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗುವವರು ಸೋಲುವುದು ಇಲ್ಲೇ.

ಎಷ್ಟು ಮಂದಿ ಬೇಕು, ಎಷ್ಟು ಮಂದಿ ಇದ್ದಾರೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ, ಅಂದರೆ ಆಡುವ ಕ್ವಾರ್ಟರ್‌ಬ್ಯಾಕ್‌ಗಳು 32. ಹನ್ನೆರಡು ಜನರ ಲೀಗ್‌ನಲ್ಲಿ ತಲಾ ಒಬ್ಬರನ್ನು ಆಡಿಸುವುದಾದರೆ ವಾರಕ್ಕೆ ಬೇಕಾಗುವುದು 12. ಇಪ್ಪತ್ತು ಮಂದಿ ಮಿಕ್ಕರು. ರನ್ನಿಂಗ್ ಬ್ಯಾಕ್ ಕಡೆ ನೋಡಿದರೆ ತಲಾ ಇಬ್ಬರಂತೆ 24 ಬೇಕು. ಫ್ಲೆಕ್ಸ್ ಎಂಬ ಹೆಚ್ಚುವರಿ ಜಾಗಕ್ಕೂ ಹಲವರು ಅವರನ್ನೇ ಹಾಕುತ್ತಾರೆ. ಇಡೀ ಪಂದ್ಯದ ಭಾರ ಹೊರುವ ರನ್ನಿಂಗ್ ಬ್ಯಾಕ್ ಎಲ್ಲ ತಂಡದಲ್ಲೂ ಇರುವುದಿಲ್ಲ, ಇದ್ದವರೂ ಬೇಗ ಗಾಯಗೊಳ್ಳುತ್ತಾರೆ.

ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್ ಅತಿ ಮುಖ್ಯ ಆಟಗಾರ, ನಿಜ. ಆದರೆ ಡ್ರಾಫ್ಟ್‌ನಲ್ಲಿ ಬೆಲೆ ಕಟ್ಟುವುದು ಮುಖ್ಯತೆಯಲ್ಲ, ಕೊರತೆ. ನೀವು ಆರಿಸಿದ ಕ್ವಾರ್ಟರ್‌ಬ್ಯಾಕ್ ಎಷ್ಟು ಅಂಕ ತರುತ್ತಾರೆ ಎಂದು ಕೇಳಬೇಡಿ. ಹನ್ನೆರಡನೆಯವರಾಗಿ ಸಿಗುವ ಕ್ವಾರ್ಟರ್‌ಬ್ಯಾಕ್‌ಗಿಂತ ಎಷ್ಟು ಹೆಚ್ಚು ತರುತ್ತಾರೆ ಎಂದು ಕೇಳಿ. ಮೊದಲ ವರ್ಷ ನನ್ನ ಕ್ವಾರ್ಟರ್‌ಬ್ಯಾಕ್ ಚೆನ್ನಾಗಿಯೇ ಆಡಿದರು. ಹತ್ತನೇ ಸುತ್ತಿನಲ್ಲಿ ಆರಿಸಿಕೊಂಡ ಪಕ್ಕದ ಮೇಜಿನವನ ಕ್ವಾರ್ಟರ್‌ಬ್ಯಾಕ್ ವಾರಕ್ಕೆ ಅದಕ್ಕಿಂತ ಎರಡು ಮೂರು ಅಂಕ ಕಡಿಮೆ ತರುತ್ತಿದ್ದರು, ಅಷ್ಟೇ. ನನ್ನ ರನ್ನಿಂಗ್ ಬ್ಯಾಕ್‌ಗಳ ವಿಷಯ ಇಲ್ಲಿ ಬೇಡ.

ಇದಕ್ಕೊಂದು ಅಪವಾದ ಇದೆ. ‘ಸೂಪರ್‌ಫ್ಲೆಕ್ಸ್’ ಅಥವಾ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಲೀಗ್‌ನಲ್ಲಿ 12ರ ಬದಲು 24 ಬೇಕಾಗುತ್ತದೆ. ಅಲ್ಲಿ ಈ ಲೇಖನದ ಶೀರ್ಷಿಕೆಯನ್ನು ಮರೆತುಬಿಡಿ, ಮೊದಲ ಎರಡು ಸುತ್ತಿನಲ್ಲೇ ಒಬ್ಬರನ್ನು ಹಿಡಿಯಿರಿ.

ಪಂಕ್ತಿ ಮಾಡಿ, ಪಟ್ಟಿ ಬೇಡ

ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಬರೆದ ಪಟ್ಟಿ ಮೋಸ ಮಾಡುತ್ತದೆ. ನಾಲ್ಕನೆಯವರಿಗೂ ಐದನೆಯವರಿಗೂ ಕೂದಲೆಳೆಯ ಅಂತರವಿರಬಹುದು, ಐದನೆಯವರಿಗೂ ಆರನೆಯವರಿಗೂ ಕಂದಕವೇ ಇರಬಹುದು. ಮದುವೆಮನೆಯ ಊಟದ ಹಾಗೆ ಪಂಕ್ತಿ ಮಾಡಿ. ಎಸೆತವೂ ಓಟವೂ ಎರಡೂ ಇರುವವರು ಮೊದಲ ಪಂಕ್ತಿ. ಒಂದರಲ್ಲಿ ನಿಸ್ಸೀಮರು ಎರಡನೆಯದು. ಉಳಿದವರಲ್ಲಿ ಭರವಸೆ ಹುಟ್ಟಿಸುವವರು ಮೂರನೆಯದು. ಒಂದೇ ಪಂಕ್ತಿಯಲ್ಲಿ ನಾಲ್ಕು ಎಲೆ ಇನ್ನೂ ಖಾಲಿ ಇದ್ದರೆ ನೀವು ಎದ್ದು ಓಡುವ ಅಗತ್ಯವಿಲ್ಲ.

ಮೂರನೇ ಪಂಕ್ತಿಯನ್ನು ಹಗುರವಾಗಿ ಕಾಣಬೇಡಿ. 2018ರ ಡ್ರಾಫ್ಟ್ ವೇಳೆಗೆ ಮಹೋಮ್ಸ್ ಆರಂಭಿಕರಾಗಿ ಆಡಿದ್ದದ್ದು ಒಂದೇ ಪಂದ್ಯ. 2024ರಲ್ಲಿ ಟ್ಯಾಂಪಾದ ಬೇಕರ್ ಮೇಫೀಲ್ಡ್ ಅವರನ್ನು ಬಹುತೇಕರು ಕೊನೆಕೊನೆಗೆ ಆರಿಸಿಕೊಂಡರು. ಅವರು 4,500 ಗಜ, 41 ಟಚ್‌ಡೌನ್ ಕೊಟ್ಟರು. ಅದೇ ವರ್ಷ, ಹಿಂದಿನ ಋತುವಿನಲ್ಲಿ ಮಿಂಚಿದ್ದ ಹ್ಯೂಸ್ಟನ್‌ನ ಸಿ.ಜೆ. ಸ್ಟ್ರೌಡ್ ಅವರ ಇಂಟರ್‌ಸೆಪ್ಷನ್‌ಗಳು 5ರಿಂದ 12ಕ್ಕೆ ಏರಿದವು. ಕಳೆದ ವರ್ಷದ ಅಂಕವನ್ನು ಈ ವರ್ಷದ ಬೆಲೆಗೆ ಕೊಳ್ಳಬಾರದು ಎನ್ನುವುದು ಇದಕ್ಕೇ. ಆಟಗಾರನ ಸುತ್ತ ಏನು ಬದಲಾಗಿದೆ ಎಂದು ನೋಡಿ: ಮುಂದೆ ನಿಂತು ಕಾಪಾಡುವ ಐವರು ಯಾರು, ಒಳ್ಳೆಯ ರಿಸೀವರ್ ಬಂದರೇ, ತಂತ್ರ ಹೆಣೆಯುವ ಕೋಚ್ ಉಳಿದರೇ?

ಡ್ರಾಫ್ಟ್ ದಿನ

ಹೆಚ್ಚಿನ ಲೀಗ್‌ಗಳಲ್ಲಿ ನಡೆಯುವುದು ಸ್ನೇಕ್ ಡ್ರಾಫ್ಟ್. ಸರದಿ ಹಾವಿನಂತೆ ಹೊರಳುತ್ತದೆ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೆಯದರಲ್ಲಿ ಮೊದಲು. ನಿಮ್ಮ ಸರದಿ ಮೂರನೆಯದು ಎಂದಿಟ್ಟುಕೊಳ್ಳಿ. ಹನ್ನೆರಡು ಜನರಲ್ಲಿ ನಿಮ್ಮ ಪಾಲಿಗೆ ಬರುವುದು 3, 22, 27, 46, 51, 70ನೇ ಆಯ್ಕೆಗಳು. ಇದನ್ನು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ.

ಈಗ 46ನೇ ಆಯ್ಕೆ ಬಂದಿದೆ. ಒಬ್ಬ ಒಳ್ಳೆಯ ರನ್ನಿಂಗ್ ಬ್ಯಾಕ್, ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಬ್ಬರೂ ಉಳಿದಿದ್ದಾರೆ. ಗಡಿಯಾರ ಓಡುತ್ತಿದೆ, ತೊಂಬತ್ತು ಸೆಕೆಂಡ್. ಆಟಗಾರರ ಕಡೆ ನೋಡಬೇಡಿ, ಜನರ ಕಡೆ ನೋಡಿ. ನಿಮ್ಮ ಮುಂದಿನ ಆಯ್ಕೆ 51. ನಡುವಿನ ನಾಲ್ಕು ಆಯ್ಕೆಗಳು ಒಂದು ಮತ್ತು ಎರಡನೇ ಸರದಿಯ ಇಬ್ಬರದು ಮಾತ್ರ. ಆ ಇಬ್ಬರ ಬಳಿ ಈಗಾಗಲೇ ಕ್ವಾರ್ಟರ್‌ಬ್ಯಾಕ್ ಇದ್ದರೆ ಇಷ್ಟು ಬೇಗ ಇನ್ನೊಬ್ಬರನ್ನು ಆರಿಸುವ ಸಂಭವ ಬಹಳ ಕಡಿಮೆ. ರನ್ನಿಂಗ್ ಬ್ಯಾಕ್ ತೆಗೆದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ 51ಕ್ಕೆ ನಿಮಗಾಗಿ ಕಾದಿರುತ್ತಾರೆ. ಇಬ್ಬರ ಬಳಿಯೂ ಇಲ್ಲದಿದ್ದರೆ ಈಗಲೇ ಕ್ವಾರ್ಟರ್‌ಬ್ಯಾಕ್ ಹಿಡಿಯಿರಿ. ಇದೊಂದು ಉಪಾಯ ಕಲಿತ ವರ್ಷ ನಾನು ಮೊದಲ ಬಾರಿ ಪ್ಲೇಆಫ್ ಮುಖ ಕಂಡೆ.

ಒಬ್ಬರು ಕ್ವಾರ್ಟರ್‌ಬ್ಯಾಕ್ ಆರಿಸಿದ ಕೂಡಲೇ ಸಾಲಾಗಿ ನಾಲ್ಕು ಜನ ಅದನ್ನೇ ಮಾಡುವುದುಂಟು. ಜಾತ್ರೆಯಲ್ಲಿ ಗುಂಪು ನಿಂತಲ್ಲಿ ನಾವೂ ಇಣುಕುವುದಿಲ್ಲವೇ, ಹಾಗೆ. ಆಗ ಅವರೆಲ್ಲ ಬಿಟ್ಟುಹೋದ ರಿಸೀವರ್‌ಗಳನ್ನು ಬಾಚಿಕೊಳ್ಳಿ.

ಎರಡನೆಯವರು ಬೇಕೇ?

ಬಹುಮಟ್ಟಿಗೆ ಬೇಡ. ಪ್ರತಿ ತಂಡಕ್ಕೂ ಒಂದು ವಾರ ಬಿಡುವಿರುತ್ತದೆ, ಸಾಮಾನ್ಯವಾಗಿ ಐದನೇ ಮತ್ತು ಹದಿನಾಲ್ಕನೇ ವಾರದ ನಡುವೆ. ಆ ಒಂದು ವಾರಕ್ಕೆ ಯಾರೂ ಆರಿಸದೆ ಉಳಿದವರಲ್ಲಿ ಒಬ್ಬರು ಸಾಕು. ಗಾಯದ ಮಾತು ಬೇರೆ. 2023ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಜೆಟ್ಸ್ ಪರ ಮೊದಲ ಬಾರಿ ಕಣಕ್ಕಿಳಿದ ಏರನ್ ರಾಜರ್ಸ್, ಆ ಪಂದ್ಯದಲ್ಲಿ ನಾಲ್ಕನೇ ಸಲ ಚೆಂಡು ಕೈಗೆ ಬಂದಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಇಡೀ ಋತುವಿನಿಂದ ಹೊರಬಿದ್ದರು. ಅಂಥ ದಿನಕ್ಕೆ ಬೆಂಚಿನ ಮೇಲೆ ಬಿಡಿ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳುವ ಬದಲು, ಯಾರೂ ಆರಿಸದೆ ಉಳಿದಿರುವವರಲ್ಲಿ ಯಾರು ಓಡಬಲ್ಲರು ಎಂದು ಎರಡು ಮೂರು ಹೆಸರು ಬರೆದಿಟ್ಟುಕೊಂಡರೆ ಸಾಕು.

ಬೆಂಗಳೂರಿನಿಂದಲೇ ಅಲ್ಲಿನ ಸಹೋದ್ಯೋಗಿಗಳ ಜೊತೆ ಆಡುವವರಿಗೆ ಒಂದು ಕಿವಿಮಾತು. ಭಾನುವಾರದ ಮೊದಲ ಪಂದ್ಯಗಳು ನಮ್ಮ ಸಮಯ ರಾತ್ರಿ 10.30ಕ್ಕೆ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ 11.30ಕ್ಕೆ ಆರಂಭ. ಅಂದು ಆಡದವರ ಪಟ್ಟಿ ಪಂದ್ಯಕ್ಕೆ ತೊಂಬತ್ತು ನಿಮಿಷ ಮೊದಲು ಹೊರಬೀಳುತ್ತದೆ. ಊಟ ಮುಗಿಸಿ ಕೈ ತೊಳೆದ ಮೇಲೆ ಒಮ್ಮೆ ನೋಡಿ, ಆಮೇಲೆ ಮಲಗಿ.