ದೊಡ್ಡ ರಿಮೋಟ್ ವಿಮಾನದ ಹೊಟ್ಟೆಯಿಂದ ಪುಟ್ಟ ಗ್ಲೈಡರ್ ಬಿಡೋದು ಹೇಗೆ

ಮೊದಲು ಜಾಗ. ಕಾರವಾರದ ಬೀಚು ಬೇಡವೇ ಬೇಡ, ಹತ್ತಿರದಲ್ಲೇ ನೌಕಾನೆಲೆ ಇದೆ ಅಲ್ವಾ. ಶಿರಸಿಯಿಂದ ಬನವಾಸಿ ಕಡೆ ಹೋದರೆ ಕೊಯ್ಲು ಮುಗಿದ ಗದ್ದೆಗಳು ಸಿಗುತ್ತವೆ. ಗದ್ದೆಯವರನ್ನು ಕೇಳಿ, ಡಿಜಿಟಲ್ ಸ್ಕೈ (ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಮಾಡಿದ ಜಾಲತಾಣ) ನಕ್ಷೆಯಲ್ಲಿ ಹಸಿರು ವಲಯವೇ ಅಂತ ನೋಡಿಕೊಂಡೇ ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಹೊರಗೆ ತೆಗೆಯಿರಿ.

ಗ್ಲೈಡರ್ ಹಗುರ ಇದ್ದಷ್ಟೂ ಒಳ್ಳೆಯದು, ಥರ್ಮಾಕೋಲ್ ಸಾಕು. ಅದು ದೊಡ್ಡ ವಿಮಾನದ ಬ್ಯಾಲೆನ್ಸ್ ಪಾಯಿಂಟಿನ ನೇರ ಕೆಳಗೇ ತೂಗಬೇಕು. 1947ರಲ್ಲಿ ಶಬ್ದದ ವೇಗ ದಾಟಿದ ಬೆಲ್ ಎಕ್ಸ್-1 ರಾಕೆಟ್ ವಿಮಾನ ಕೂಡ ಬಿ-29 ಬಾಂಬರಿನ ಹೊಟ್ಟೆಯಿಂದಲೇ ಇಳಿದದ್ದು. ಆಮೇಲೆ ಬಂದ ಎಕ್ಸ್-15 ರಾಕೆಟ್ ವಿಮಾನವನ್ನು ಬಿ-52 ಬಾಂಬರಿನ ಬಲ ರೆಕ್ಕೆಯ ಕೆಳಗೆ ತೂಗಿಸುತ್ತಿದ್ದರು, ನೀವು ಹಾಗೆ ಮಾಡಬೇಡಿ, ಪುಟ್ಟ ಮಾಡೆಲ್ ಒಂದೇ ಬದಿಗೆ ವಾಲುತ್ತದೆ.

ಈಗ ಮುಖ್ಯ ಕೆಲಸ, ಕೊಕ್ಕೆ. ಸೈಕಲ್ ಕಡ್ಡಿಯ ತುಂಡನ್ನು ಸರ್ವೋಗೆ (ರಿಮೋಟಿನ ಮಾತು ಕೇಳಿ ತಿರುಗುವ ಪುಟ್ಟ ಮೋಟಾರು) ಕಟ್ಟಿ, ಎರಡು ಸಣ್ಣ ನಳಿಗೆಗಳೊಳಗೆ ಹಾಯಿಸಿ, ನಡುವಿನ ಸಂದಿನಲ್ಲಿ ಗ್ಲೈಡರಿನ ದಾರದ ಕುಣಿಕೆ ಸಿಕ್ಕಿಸಿ. ಸರ್ವೋ ಎಳೆದರೆ ಕಡ್ಡಿ ಸರಿದು ಕುಣಿಕೆ ಕಳಚುತ್ತದೆ. ಕಡ್ಡಿಯ ತುದಿಯನ್ನು ಉಜ್ಜಿ ನುಣುಪು ಮಾಡಲೇಬೇಕು, ದಾರ ಸಿಕ್ಕಿಕೊಳ್ಳೋದು ಅಲ್ಲೇ. ಮುಂಭಾಗದಲ್ಲಿ ಎರಡು ವಿಮಾನಗಳ ನಡುವೆ ಒಂದು ತುಂಡು ಸ್ಪಂಜು ಇಟ್ಟು ಗ್ಲೈಡರಿನ ಮೂತಿ ಸ್ವಲ್ಪ ಕೆಳಗಿರುವಂತೆ ಮಾಡಿ, ಇಲ್ಲದಿದ್ದರೆ ಬಿಟ್ಟ ಕೂಡಲೇ ಮೇಲೆದ್ದು ದೊಡ್ಡದಕ್ಕೇ ಹೊಡೆಯಬಹುದು.

ನೆಲದ ಮೇಲೆ ಕೈಯಲ್ಲಿ ಹಿಡಿದು ಹತ್ತಾರು ಸಲ ಬಿಡಿಸಿ ನೋಡಿ. ಗಾಳಿ ಕಡಿಮೆ ಇರುವ ಬೆಳಗ್ಗೆ, ನೇರವಾಗಿ ಹಾರುತ್ತಿರುವಾಗ ಮಾತ್ರ ಸ್ವಿಚ್ ಒತ್ತಿ. ಭಾರ ಕಳೆದ ದೊಡ್ಡ ವಿಮಾನ ತಾನೇ ಮೇಲೇಳುತ್ತದೆ, ಗ್ಲೈಡರ್ ದೂರವಾಗುವವರೆಗೆ ತಿರುಗಿಸಬೇಡಿ.